ಬಾವಿ ನೀರಿಗೆ ಬ್ಯಾಕ್ಟೀರಿಯಾ ಎಲ್ಲಿಂದ ಬಂತು? ಹೊಯ್ಗೆ (ಮರಳು) ನೆಲದ ಮನೆಗಳಿಗೆ ದೋಷ ನಿವಾರಣೆ ಕೈಪಿಡಿ

ನೀರಿನ ಟೆಸ್ಟ್ ಮಾಡಿಸಿದಾಗ ಚೀಟಿ ಬರುತ್ತದೆ: ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಇದೆ, ಕುಡಿಯಲು ಯೋಗ್ಯವಲ್ಲ. ಕುಂದಾಪುರ, ಮಲ್ಪೆ, ಉಳ್ಳಾಲದ ಕಡೆ ಕಡಲ ಬದಿಯ ಮನೆಯವರು ಆಗ ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ. "ಇಂಗುಗುಂಡಿ (ಟಾಯ್ಲೆಟ್ಟಿನ ಕೊಳಚೆ ನೀರು ನೆಲಕ್ಕೆ ಇಂಗುವ ಗುಂಡಿ) ಬಾವಿಯಿಂದ 60 ಅಡಿ ದೂರ ಇದೆ. ನಡುವೆ ಪೂರ್ತಿ ಹೊಯ್ಗೆ. ಹೊಯ್ಗೆ ಸೋಸಲ್ವಾ?"

ಸೋಸುತ್ತದೆ. ಆದರೆ ನೆಲದಡಿಯ ಹೊಯ್ಗೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಒಂದು ಕಡೆ ನಯ, ಇನ್ನೊಂದು ಕಡೆ ದಪ್ಪ. ನಡುವೆ ಚಿಪ್ಪಿನ ಪದರ, ಜೇಡಿಯ ಪಟ್ಟಿ, ಹಳೇ ತೋಡಿನ (ಸಣ್ಣ ಹಳ್ಳದ) ಜಲ್ಲಿ. ನೀರು ಸುಲಭದ ದಾರಿ ಹಿಡಿಯುತ್ತದೆ, ಬ್ಯಾಕ್ಟೀರಿಯಾ ಅದರ ಜೊತೆಗೇ ಬರುತ್ತದೆ. ಹಾಗಾಗಿ ಗುಂಡಿ ಎಷ್ಟು ಅಡಿ ದೂರ ಅನ್ನುವುದಷ್ಟನ್ನೇ ನೋಡಿದರೆ ಸಾಲದು. ನೀರು ಯಾವ ದಾರಿಯಲ್ಲಿ, ಎಷ್ಟು ದಿನದಲ್ಲಿ ಬಂತು ಅಂತ ನೋಡಬೇಕು. ಈ ಕೈಪಿಡಿ ಅದನ್ನು ಹುಡುಕಲಿಕ್ಕೆ. ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಕಷ್ಟದವು ಆಮೇಲೆ.

## ಹುಡುಕಾಟಕ್ಕೆ ಮೊದಲು

ಇವತ್ತಿನಿಂದಲೇ ಕುದಿಸಿದ ನೀರು ಕುಡಿಯಿರಿ. ನೀರು ಗಳಗಳ ಕುದಿ ಬಂದ ಮೇಲೆ ಒಂದು ನಿಮಿಷ ಹಾಗೇ ಬಿಟ್ಟರೆ ಸಾಕು. ಹಲ್ಲುಜ್ಜಲು, ಮಗುವಿನ ಹಾಲಿನ ಪುಡಿ ಕಲಸಲು, ಮಜ್ಜಿಗೆಗೆ ಬೆರೆಸಲು ಕೂಡ ಅದೇ ನೀರು. ಮಜ್ಜಿಗೆ, ಪಾನಕ, ಚಟ್ನಿಗೆ ಹಸಿ ನೀರು ಹಾಕುವುದನ್ನು ಎಷ್ಟೋ ಜನ ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಮನೆಯಲ್ಲಿ ಯಾರಿಗಾದರೂ ಭೇದಿ ಶುರುವಾಗಿದ್ದರೆ ಬಾವಿ ಆಮೇಲೆ ನೋಡಿಕೊಳ್ಳೋಣ. ಒಆರ್‌ಎಸ್ ಕೊಡಿ. ಮಲದಲ್ಲಿ ರಕ್ತ, ಜೋರು ಜ್ವರ, ನಿಲ್ಲದ ವಾಂತಿ, ಮಗು ಮೂತ್ರ ಮಾಡದಿರುವುದು, ಕಣ್ಣು ಹಳದಿಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ಅಕ್ಕಪಕ್ಕದ ಎರಡು ಮೂರು ಮನೆಯಲ್ಲೂ ಹೀಗೇ ಆಗಿದ್ದರೆ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದೇ ದಿನ ತಿಳಿಸಿ.

## ಹೊಯ್ಗೆಯೊಳಗೆ ಏನಾಗುತ್ತದೆ

ಇಷ್ಟು ತಿಳಿದಿದ್ದರೆ ಮುಂದಿನ ಲಕ್ಷಣಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ಇ. ಕೋಲಿಯ ಉದ್ದ ಸುಮಾರು 2 ಮೈಕ್ರಾನ್. ಒಂದು ಮಿಲಿಮೀಟರ್ ಅಂದರೆ 1000 ಮೈಕ್ರಾನ್. ಅರ್ಧ ಮಿಲಿಮೀಟರ್ ಗಾತ್ರದ ಹೊಯ್ಗೆ ಕಾಳುಗಳ ನಡುವಿನ ಸಂದು ಹತ್ತಾರು ಮೈಕ್ರಾನ್‌ನಿಂದ ನೂರು ಮೈಕ್ರಾನ್‌ವರೆಗೆ ಇರುತ್ತದೆ. ಅಷ್ಟು ದೊಡ್ಡ ಸಂದಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿಹಾಕಿಕೊಳ್ಳುವುದು ಕಡಿಮೆ. ಅದನ್ನು ತಡೆಯುವುದು ಅಂಟು. ಸಾಗುವಾಗ ಕಾಳಿಗೆ ತಾಗುತ್ತದೆ, ಅಂಟುತ್ತದೆ, ಅಲ್ಲೇ ಕೂತು ದಿನ ಕಳೆದಂತೆ ಸಾಯುತ್ತದೆ. ನೀರು ನಿಧಾನ ಹರಿದಷ್ಟೂ, ಕಾಳು ನಯವಾದಷ್ಟೂ ತಾಗುವ ಅವಕಾಶ ಜಾಸ್ತಿ.

ಹೊಯ್ಗೆಯ ಬಣ್ಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕೆಂಪು, ಹಳದಿ ಹೊಯ್ಗೆಯ ಕಾಳಿನ ಮೇಲೆ ಕಬ್ಬಿಣದ ತುಕ್ಕಿನ ಲೇಪ ಇರುತ್ತದೆ. ಸಾಮಾನ್ಯ ಬಾವಿ ನೀರಿನಲ್ಲಿ ಆ ಲೇಪಕ್ಕೆ ಧನ ಆವೇಶ, ಬ್ಯಾಕ್ಟೀರಿಯಾದ ಮೈಗೆ ಋಣ ಆವೇಶ. ಎರಡೂ ಒಂದನ್ನೊಂದು ಎಳೆಯುತ್ತವೆ. ಕಡಲ ಬದಿಯ ಬಿಳಿ ಹೊಯ್ಗೆಗೆ ಈ ಹಿಡಿತ ಕಡಿಮೆ. ಕೊಳಚೆ ವರ್ಷಗಟ್ಟಲೆ ಹರಿದ ಜಾಗದಲ್ಲಿ ಕೆಂಪು ಹೊಯ್ಗೆಯ ಹಿಡಿತ ಕೂಡ ಸಡಿಲವಾಗುತ್ತದೆ, ಯಾಕೆಂದರೆ ಕೊಳಚೆಯ ಜಿಡ್ಡು ಆ ತುಕ್ಕಿನ ಮೇಲೆ ಮೊದಲೇ ಕೂತಿರುತ್ತದೆ.

ಹೊಯ್ಗೆ ಸೋಸುತ್ತದೆ ಅನ್ನುವ ನಂಬಿಕೆಗೆ ಗಟ್ಟಿ ಆಧಾರ ಇದೆ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಾಲರಾಕ್ಕೆ 8 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೋನಾ ಊರು ಅದೇ ಎಲ್ಬೆ ನದಿಯ ನೀರನ್ನೇ ಕುಡಿಯುತ್ತಿತ್ತು, ಅದೂ ಹ್ಯಾಂಬರ್ಗ್‌ನ ಕೊಳಚೆ ಸೇರಿದ ಮೇಲಿನ ನೀರು. ಆದರೂ ಅಲ್ಲಿ ಸಾವು ತೀರಾ ಕಡಿಮೆ. ಆಲ್ಟೋನಾದಲ್ಲಿ ಮರಳು ಸೋಸುಗ ಇತ್ತು, ಹ್ಯಾಂಬರ್ಗ್‌ನಲ್ಲಿ ಇರಲಿಲ್ಲ. ಆದರೆ ಅಂಥ ಸೋಸುಗವನ್ನು ಮನುಷ್ಯರು ಕಟ್ಟುತ್ತಾರೆ. ಜರಡಿ ಹಿಡಿದ ಮರಳನ್ನು ಸಮವಾಗಿ ಹರಡಿ, ಗಂಟೆಗೆ 10ರಿಂದ 30 ಸೆಂಟಿಮೀಟರ್ ಇಳಿಯುವಷ್ಟು ನಿಧಾನವಾಗಿ ನೀರು ಬಿಡುತ್ತಾರೆ. ನಿಮ್ಮ ಹಿತ್ತಲ ಹೊಯ್ಗೆಯನ್ನು ಹಾಗೆ ಯಾರೂ ಹರಡಿಲ್ಲ.

## ನಲ್ಲಿ ನೀರಿನಲ್ಲಿ ಇದೆ, ಬಾವಿ ನೀರಿನಲ್ಲಿ ಇಲ್ಲ

ಇದು ಎಲ್ಲಕ್ಕಿಂತ ಸುಲಭದ ಪರೀಕ್ಷೆ, ಹಾಗಾಗಿ ಇದರಿಂದಲೇ ಶುರು ಮಾಡಿ. ಒಂದೇ ದಿನ ಎರಡು ಸ್ಯಾಂಪಲ್ ತೆಗೆಯಿರಿ: ಒಂದು ಅಡುಗೆಮನೆ ನಲ್ಲಿಯಿಂದ, ಇನ್ನೊಂದು ನೇರವಾಗಿ ಬಾವಿಯಿಂದ.

ಗ್ರಾಮ ಪಂಚಾಯಿತಿಗಳಲ್ಲಿ ಸಿಗುವ ಎಚ್‌ಟುಎಸ್ ಬಾಟಲಿ ಮೊದಲ ಹೆಜ್ಜೆಗೆ ಸಾಕು. ಇದು 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ರೂಪಿಸಿದ ವಿಧಾನ. ಗುರುತಿನವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಡಬೇಕು. ನೀರು ಕಪ್ಪಾದರೆ ಮಲದ ಬ್ಯಾಕ್ಟೀರಿಯಾ ಇರುವ ಸಂಶಯ ಗಟ್ಟಿ. ಬಾಟಲಿಯ ಒಳಬಾಯಿಗೆ ಬೆರಳು ತಾಗಬಾರದು. ಬಾವಿ ತಳದ ಕಪ್ಪು ಕೆಸರು ಕಲಕಿ ಬಂದರೆ ಮಲ ಇಲ್ಲದಿದ್ದರೂ ಬಾಟಲಿ ಕಪ್ಪಾಗಬಹುದು. ಆದ್ದರಿಂದ ಕಪ್ಪಾದ ಮೇಲೆ ಲ್ಯಾಬ್‌ನಲ್ಲಿ ಇ. ಕೋಲಿ ಟೆಸ್ಟ್ ಮಾಡಿಸಿಯೇ ಮುಂದುವರಿಯಿರಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಒಂದೇ ಒಂದು ಇ. ಕೋಲಿ ಕೂಡ ಸಿಗಬಾರದು. ಲ್ಯಾಬ್‌ಗೆ ಕೊಡುವ ಸ್ಯಾಂಪಲ್ ಅವರೇ ಕೊಟ್ಟ ಬಾಟಲಿಯಲ್ಲಿ ಇರಲಿ. ಐಸ್ ಡಬ್ಬಿಯಲ್ಲಿಟ್ಟು, ಸಾಧ್ಯವಾದರೆ 6 ಗಂಟೆಯೊಳಗೆ ತಲುಪಿಸಿ.

ಬಾವಿ ಸರಿ ಇದ್ದು ನಲ್ಲಿ ಮಾತ್ರ ಕೆಟ್ಟಿದ್ದರೆ ನಿಮ್ಮ ನೆಲದ ತಪ್ಪೇನೂ ಇಲ್ಲ. ಟ್ಯಾಂಕಿನ ಮುಚ್ಚಳ, ಒಳಗೆ ಬಿದ್ದ ಹಲ್ಲಿ, ಹಕ್ಕಿ ಹಿಕ್ಕೆ, ಬಚ್ಚಲ ನೀರು ನಿಲ್ಲುವ ಕಡೆ ಸೀಳಿದ ಪೈಪು ನೋಡಿ. ತೊಳೆದು ಸರಿಮಾಡಿ ಮತ್ತೆ ಟೆಸ್ಟ್ ಮಾಡಿ.

## ಜೋರು ಮಳೆಯ ಮರುದಿನ ನೀರು ಕದಡುತ್ತದೆ

ಕದಡಿದ ನೀರು ಅಂದರೆ ಮಣ್ಣಿನ ಕಣ ಬಂದಿದೆ ಅಂತ. ಹೊಯ್ಗೆಯ ಮೂಲಕ ಸೋಸಿ ಬಂದಿದ್ದರೆ ಆ ಕಣ ಬರುತ್ತಿರಲಿಲ್ಲ. ಅಂದರೆ ಎಲ್ಲೋ ತೆರೆದ ದಾರಿ ಇದೆ. ಮಣ್ಣು ಬಂದ ದಾರಿಯಲ್ಲಿ ಬ್ಯಾಕ್ಟೀರಿಯಾ ಬರದೇ ಇರುವುದಿಲ್ಲ.

ಬಿಸಿಲಿರುವ ಹೊತ್ತಲ್ಲಿ ಒಂದು ಕನ್ನಡಿ ಹಿಡಿದು ಬಾವಿಯೊಳಗೆ ಬೆಳಕು ಬಿಡಿ. ಟಾರ್ಚಿಗಿಂತ ಇದು ಎಷ್ಟೋ ಮೇಲು. ಬಾವಿಯ ಸಿಮೆಂಟ್ ರಿಂಗುಗಳು ಸೇರುವ ಕಡೆ ನಿಧಾನವಾಗಿ ಸುತ್ತ ನೋಡುತ್ತಾ ಬನ್ನಿ. ಒಂದು ಕಡೆ ಮಾತ್ರ ಕಂದು ಗೆರೆ ಇಳಿದಿದ್ದರೆ, ಹಸಿರು ಪಾಚಿ ನೆತ್ತಿಯಿಂದ ಪಟ್ಟಿಯಾಗಿ ಬೆಳೆದಿದ್ದರೆ, ಸಂದಿನಿಂದ ಬೇರು ಇಣುಕುತ್ತಿದ್ದರೆ ನೀರು ಅಲ್ಲಿಂದ ಒಳಗೆ ಬರುತ್ತಿದೆ. ಆಮೇಲೆ ಬಾವಿಕಟ್ಟೆಯ ಸುತ್ತ ಒಂದೊಂದೇ ಬದಿಗೆ ನಾಲ್ಕೈದು ಕೊಡ ನೀರು ಹೊಯ್ದು, ಒಬ್ಬರು ಕಟ್ಟೆಯ ಹೊರಗೇ ನಿಂತು ಒಳಗೆ ನೋಡಲಿ. ಸ್ವಲ್ಪ ಹೊತ್ತಿನಲ್ಲೇ ಗೋಡೆ ಒದ್ದೆಯಾಗಿ ಹನಿಯಿತು ಅಂದರೆ ದೋಷ ಸಿಕ್ಕಿತು. ಕಟ್ಟೆಯ ಬುಡದಲ್ಲಿ ಹೆಗ್ಗಣದ ಬಿಲ, ಏಡಿ ಬಿಲ, ಕಡಿದ ತೆಂಗಿನ ಮರದ ಕೊಳೆತ ಬೇರಿನ ತೂತು ಇದೆಯೇ ಅಂತಲೂ ನೋಡಿ.

ರಿಪೇರಿ ದೊಡ್ಡದಲ್ಲ. ಮೇಲಿನ 3 ಮೀಟರ್ ರಿಂಗುಗಳ ಸಂದು ಸಿಮೆಂಟಿನಿಂದ ಮುಚ್ಚಬೇಕು. ರಿಂಗಿನ ಹೊರಬದಿಗೆ ಜೇಡಿಮಣ್ಣು ಗಿಡಿದು ತುಂಬಬೇಕು. ಸುತ್ತ ಒಂದು ಮೀಟರಿಗೂ ಅಗಲವಾಗಿ, ಹೊರಕ್ಕೆ ಇಳಿಜಾರಾಗಿ ಗಾರೆ ಹಾಕಿ, ಆ ನೀರು ದೂರ ಹರಿಯಲು ಚರಂಡಿ ಕೊಡಬೇಕು. ಬಟ್ಟೆ ಒಗೆಯುವುದು, ಮೀನು ತೊಳೆಯುವುದು, ದನ ಕಟ್ಟುವುದು ಬಾವಿಕಟ್ಟೆಯ ಹತ್ತಿರ ಬೇಡ.

ಒಳಗಿನ ಕೆಲಸಕ್ಕೆ ನೀವೇ ಬಾವಿಗೆ ಇಳಿಯಬೇಡಿ. ಬಾವಿಯೊಳಗೆ ಉಸಿರಾಡುವ ಗಾಳಿ ಇಲ್ಲದೆ ಹೋಗಿರಬಹುದು. ಒಬ್ಬರನ್ನು ಎತ್ತಲು ಇನ್ನೊಬ್ಬರು ಇಳಿದು ಇಬ್ಬರೂ ಸತ್ತ ಸುದ್ದಿ ಆಗಾಗ ಓದುತ್ತಲೇ ಇರುತ್ತೇವೆ. ಮಳೆಗಾಲದಲ್ಲಿ ಹೊಯ್ಗೆ ನೆಲದ ರಿಂಗು ಜಾರುವ ಅಪಾಯ ಬೇರೆ. ಅನುಭವ ಇರುವ ಬಾವಿ ಕೆಲಸದವರನ್ನು ಬೇಸಿಗೆಯಲ್ಲಿ ಕರೆಸಿ. ಅವರು ಇಳಿಯುವ ಮೊದಲು ಪಂಪಿನ ಮೇನ್ ಸ್ವಿಚ್ ಆಫ್ ಆಗಿರಲಿ.

## ಬ್ಲೀಚಿಂಗ್ ಪೌಡರ್ ಹಾಕಿದರೆ ಸರಿ, ಕೆಲವು ದಿನಕ್ಕೆ ಮತ್ತೆ ಅದೇ

ಮೊದಲು ಹಾಕಿದ್ದು ಸರಿಯಾಯಿತೇ ನೋಡೋಣ. ಒಳ್ಳೆ ಪೌಡರ್ ಆದರೆ 1000 ಲೀಟರಿಗೆ ಸುಮಾರು 2.5 ಗ್ರಾಂ. ಬಾವಿಯ ವ್ಯಾಸ 2 ಮೀಟರ್, ನೀರಿನ ಆಳ 3 ಮೀಟರ್ ಇದ್ದರೆ ನೀರು ಸುಮಾರು 9400 ಲೀಟರ್, ಪೌಡರ್ ಸುಮಾರು 24 ಗ್ರಾಂ. ಬಕೆಟ್ಟಿನಲ್ಲಿ ಪೇಸ್ಟ್ ಮಾಡಿ, ನೀರು ಸೇರಿಸಿ ಕದಡಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿ ಮಾತ್ರ ಬಾವಿಗೆ ಹಾಕಬೇಕು. ತಳದ ಸುಣ್ಣದ ಗಸಿ ಬಾವಿಗೆ ಬೇಡ. ಕೊಡಪಾನ ಇಳಿಸಿ ಎತ್ತಿ ನೀರು ಬೆರೆಸಿ. ಕನಿಷ್ಠ ಒಂದು ಗಂಟೆ ಆ ನೀರು ಮುಟ್ಟಬೇಡಿ. ರಾತ್ರಿ ಹಾಕಿ ಬೆಳಿಗ್ಗೆವರೆಗೆ ಬಿಡುವುದು ಒಳ್ಳೆಯದು. ಹಳೇ, ತೇವ ಹಿಡಿದ ಪೌಡರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಕದಡಿದ ನೀರಿನಲ್ಲೂ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ.

ಎಚ್ಚರಿಕೆ: ಬ್ಲೀಚಿಂಗ್ ಪೌಡರಿಗೆ ಟಾಯ್ಲೆಟ್ ಕ್ಲೀನರ್, ಆಸಿಡ್ ಯಾವತ್ತೂ ಸೇರಿಸಬೇಡಿ. ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ಮೂಗು ಬಾಯಿ ಮುಚ್ಚಿಕೊಂಡು, ಗಾಳಿಯಾಡುವ ಕಡೆ ಕೆಲಸ ಮಾಡಿ.

ಅಳತೆ ಸರಿ ಇದ್ದೂ ಮತ್ತೆ ಮತ್ತೆ ಇ. ಕೋಲಿ ಬರುತ್ತಿದ್ದರೆ ಅರ್ಥ ಸ್ಪಷ್ಟ. ಬಾವಿಯೊಳಗಿನದ್ದು ಸಾಯುತ್ತಿದೆ, ಹೊರಗಿನಿಂದ ಹೊಸತು ಬರುತ್ತಲೇ ಇದೆ. ಇನ್ನೂ ಜಾಸ್ತಿ ಪೌಡರ್ ಸುರಿಯುವುದು ಪರಿಹಾರ ಅಲ್ಲ. ಬಾವಿ ಬಿಟ್ಟು ನೆಲದ ಕಡೆ ತಿರುಗಿ.

## ನೀರು ತಿಳಿಯಾಗಿದೆ, ಮಳೆಗಾಲದಲ್ಲಿ ಮಾತ್ರ ಟೆಸ್ಟ್ ಕೆಡುತ್ತದೆ

ಕಣ್ಣಿಗೆ ಏನೂ ಕಾಣದ ಕಾರಣ ಜನ ಈ ಲಕ್ಷಣವನ್ನು ನಂಬುವುದೇ ಇಲ್ಲ. ಕರಾವಳಿಯಲ್ಲಿ ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು ಇದೇ.

ಬೇಸಿಗೆಯಲ್ಲಿ ಇಂಗುಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಒಣ ಹೊಯ್ಗೆ ಇರುತ್ತದೆ. ಆ ಒಣ ಭಾಗವೇ ನಿಮ್ಮ ಒಳ್ಳೆಯ ಸೋಸುಗ. ಅಲ್ಲಿ ದೊಡ್ಡ ಸಂದಿನಲ್ಲಿ ಗಾಳಿ ತುಂಬಿರುತ್ತದೆ, ನೀರು ಸಣ್ಣ ಸಂದಿನಲ್ಲಿ ಕಾಳಿಗೆ ಅಂಟಿಕೊಂಡೇ ಇಳಿಯಬೇಕು. ಬ್ಯಾಕ್ಟೀರಿಯಾ ಕಾಳಿಗೂ ಅಂಟುತ್ತದೆ, ನೀರು ಗಾಳಿ ಸೇರುವ ಅಂಚಿಗೂ ಅಂಟುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ 3500ರಿಂದ 4000 ಮಿಲಿಮೀಟರ್ ಮಳೆ ಸುರಿದು ಅಂತರ್ಜಲ ಗುಂಡಿಯ ತಳ ದಾಟಿ ಮೇಲೆ ಬರುತ್ತದೆ. ಸೋಸುಗ ಪೂರ್ತಿ ಮುಳುಗಿತು. ಈಗ ಕೊಳಚೆ ನೇರವಾಗಿ ಅಂತರ್ಜಲಕ್ಕೆ ಸೇರಿ ಅಡ್ಡಕ್ಕೆ ಹರಿಯುತ್ತದೆ.

ಮಳೆನೀರು ಇನ್ನೂ ಒಂದು ಕೆಲಸ ಮಾಡುತ್ತದೆ. ನೀರಿನಲ್ಲಿ ಉಪ್ಪಿನಂಶ ಇದ್ದಾಗ ಬ್ಯಾಕ್ಟೀರಿಯಾ ಕಾಳಿಗೆ ಚೆನ್ನಾಗಿ ಅಂಟುತ್ತದೆ. ಮಳೆನೀರಿನಲ್ಲಿ ಉಪ್ಪಿನಂಶ ತೀರಾ ಕಡಿಮೆ. ಅದು ಹೊಯ್ಗೆಯೊಳಗೆ ಇಳಿದಾಗ ಹಿಡಿತ ಸಡಿಲವಾಗಿ, ಹಿಂದೆ ಅಂಟಿದ್ದವುಗಳಲ್ಲಿ ಒಂದಷ್ಟು ಕಳಚಿ ಮತ್ತೆ ಹೊರಡುತ್ತವೆ. ಮೊದಲ ಮಳೆಗಳ ಹೊತ್ತಿಗೇ ಟೆಸ್ಟ್ ಕೆಡುವುದಕ್ಕೆ ಇದೂ ಒಂದು ಕಾರಣ.

ಪರೀಕ್ಷೆ ಸುಲಭ. ಆಷಾಢದ ಮಳೆಯಲ್ಲಿ ನೆಲದಿಂದ ಬಾವಿ ನೀರಿನವರೆಗೆ ಎಷ್ಟು ಅಡಿ ಇದೆ ಅಂತ ಕಟ್ಟೆಯ ಮೇಲಿನಿಂದಲೇ ಹಗ್ಗ ಇಳಿಸಿ ಅಳೆಯಿರಿ, ಕಟ್ಟೆಯ ಎತ್ತರ ಕಳೆಯಿರಿ. ಇಂಗುಗುಂಡಿ ಕಟ್ಟಿದಾಗ ಎಷ್ಟು ಆಳ ತೋಡಿದ್ದರು ಅಂತ ಮೇಸ್ತ್ರಿಯನ್ನು ಕೇಳಿ. ಗುಂಡಿಯ ತಳ ನೀರಿಗಿಂತ ಕೆಳಗಿದ್ದರೆ ಕಾರಣ ಸಿಕ್ಕಿತು. ಒಂದೂವರೆಯಿಂದ ಎರಡು ಮೀಟರ್ ಒಣ ನೆಲ ಮಳೆಗಾಲದಲ್ಲೂ ಉಳಿಯಬೇಕು. ಅದು ಆಗದ ಜಾಗದಲ್ಲಿ ಆಳದ ಗುಂಡಿ ತೋಡುವುದೇ ತಪ್ಪು. ನೆಲಮಟ್ಟದ ಮೇಲೆ ಮಧ್ಯಮ ಹೊಯ್ಗೆಯ ದಿಬ್ಬ ಮಾಡಿ ಅದರಲ್ಲಿ ಇಂಗಿಸುವುದೋ, ಅಗಲವಾಗಿ ಆಳವಿಲ್ಲದ ಚರಂಡಿಯಲ್ಲಿ ಹರಡುವುದೋ ಮಾಡಬೇಕಾಗುತ್ತದೆ. "ಇನ್ನೂ ಎರಡು ರಿಂಗ್ ಕೆಳಗೆ ಇಳಿಸಿ, ಚೆನ್ನಾಗಿ ಇಂಗುತ್ತದೆ" ಅನ್ನುವ ಸಲಹೆ ಕೇಳಬೇಡಿ. ಚೆನ್ನಾಗಿ ಇಂಗುತ್ತದೆ ನಿಜ, ಇಂಗುವುದು ನಿಮ್ಮ ಕುಡಿಯುವ ನೀರಿಗೇ.

## ಬೇಸಿಗೆಯಲ್ಲಿ, ಪಂಪ್ ಜಾಸ್ತಿ ಓಡಿದಾಗ ಕೆಡುತ್ತದೆ

ಪಂಪ್ ಓಡಿದಾಗ ಬಾವಿಯ ಮಟ್ಟ ಇಳಿದು ಸುತ್ತಲಿನ ನೀರು ಬಾವಿಯ ಕಡೆಗೆ ಇಳಿಜಾರಾಗಿ ಹರಿಯುತ್ತದೆ. ಇಳಿಜಾರು ಎರಡು ಪಟ್ಟಾದರೆ ನೀರಿನ ವೇಗವೂ ಎರಡು ಪಟ್ಟು. ಬೇರೆ ಹೊತ್ತಲ್ಲಿ ತೋಡಿನ ಕಡೆಗೆ ಹೋಗುತ್ತಿದ್ದ ಕೊಳಚೆ ಕೂಡ ತಿರುಗಿ ಬಾವಿಗೆ ಬರಬಹುದು. ಮದುವೆ, ಹಬ್ಬಕ್ಕೆ ನೆಂಟರು ತುಂಬಿದಾಗ ಇದು ಎರಡೂ ಕಡೆಯಿಂದ ಹೊಡೆಯುತ್ತದೆ: ಗುಂಡಿಗೆ ನೀರು ಜಾಸ್ತಿ, ಬಾವಿಯಿಂದ ಎತ್ತುವುದೂ ಜಾಸ್ತಿ.

ಒಂದು ವಾರ ಪಂಪನ್ನು ಒಂದೇ ಸಲ ಗಂಟೆಗಟ್ಟಲೆ ಓಡಿಸದೆ, ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ಓಡಿಸಿ ಮತ್ತೆ ಟೆಸ್ಟ್ ಮಾಡಿ. ಸುಧಾರಿಸಿದರೆ ದಾರಿ ಇದೆ, ಎಳೆತದಿಂದ ತೆರೆದುಕೊಳ್ಳುತ್ತಿದೆ ಅಂತ ಅರ್ಥ. ತೋಟಕ್ಕೆ ಬೇರೆ ನೀರಿನ ಮೂಲ ಇದ್ದರೆ ಈ ಬಾವಿಯನ್ನು ಮನೆಗಷ್ಟೇ ಉಳಿಸಿ.

## ಗುಂಡಿ ಹತ್ತಿರದ ಬಾವಿ ಸರಿ ಇದೆ, ದೂರದ್ದು ಕೆಟ್ಟಿದೆ

ಇಂಥ ಫಲಿತಾಂಶ ಬಂದಾಗ ಲ್ಯಾಬ್‌ನವರು ಬಾಟಲಿ ಅದಲುಬದಲು ಮಾಡಿದ್ದಾರೆ ಅಂತ ಅನುಮಾನ ಬರುವುದು ಸಹಜ. ಇನ್ನೊಮ್ಮೆ ಟೆಸ್ಟ್ ಮಾಡಿಸಿ. ಮತ್ತೆ ಹಾಗೇ ಬಂದರೆ ನಂಬಿ. ಏರುಪೇರಿನ ಹೊಯ್ಗೆ ನೆಲದಲ್ಲಿ ಇದು ಆಗುವಂಥದ್ದೇ.

ಲೆಕ್ಕ ಹಾಕಿ ನೋಡೋಣ. ನೀರು ನೂರು ಮೀಟರಿಗೆ ಒಂದು ಮೀಟರ್ ಇಳಿಜಾರಿನಲ್ಲಿ ಹರಿಯುತ್ತಿದೆ, ನೆಲದ ಕಾಲು ಭಾಗ ಸಂದು ಅಂತ ಇಟ್ಟುಕೊಳ್ಳಿ. ನೆಲ ನೀರನ್ನು ಬಿಡುವ ಶಕ್ತಿಯನ್ನು ಇಳಿಜಾರಿನಿಂದ ಗುಣಿಸಿ, ಸಂದಿನ ಪಾಲಿನಿಂದ ಭಾಗಿಸಿದರೆ ನೀರು ಸಾಗುವ ವೇಗ ಸಿಗುತ್ತದೆ. ಆ ಶಕ್ತಿ ದಿನಕ್ಕೆ 5 ಮೀಟರ್ ಇರುವ ನಯ ಹೊಯ್ಗೆಯಲ್ಲಿ ನೀರು ದಿನಕ್ಕೆ 20 ಸೆಂಟಿಮೀಟರ್ ಸಾಗುತ್ತದೆ. 18 ಮೀಟರ್ (ಸುಮಾರು 60 ಅಡಿ) ದಾಟಲು 90 ದಿನ. ಅದೇ ಶಕ್ತಿ 50 ಮೀಟರ್ ಇರುವ ದಪ್ಪ ಹೊಯ್ಗೆಯಲ್ಲಿ 9 ದಿನ. 500 ಮೀಟರ್ ಇರುವ ಜಲ್ಲಿಯಲ್ಲಿ ಒಂದು ದಿನವೂ ಬೇಡ. ದೂರ ಮೂರರಲ್ಲೂ ಒಂದೇ. ಸೆಪ್ಟಿಕ್ ಟ್ಯಾಂಕ್ ಕುರಿತ ಐಎಸ್ 2470 ಇಂಗುವ ಜಾಗಕ್ಕೂ ಬಾವಿಗೂ 18 ಮೀಟರ್ ಅಂತರ ಹೇಳುತ್ತದೆ. ಅದು ಕನಿಷ್ಠ ಅಂತರ. ಜರ್ಮನಿಯಲ್ಲಿ ಬಾವಿಯ ರಕ್ಷಣಾ ವಲಯವನ್ನು ದಿನದಲ್ಲಿ ಅಳೆಯುತ್ತಾರೆ: ನೀರು ಬಾವಿ ತಲುಪಲು 50 ದಿನ ಬೇಕಾಗುವಷ್ಟು ದೂರ. ಹೆಚ್ಚಿನ ರೋಗಕಾರಕ ಬ್ಯಾಕ್ಟೀರಿಯಾಗಳು ಅಷ್ಟರಲ್ಲಿ ಸಾಯುತ್ತವೆ ಅನ್ನುವ ಲೆಕ್ಕ ಅದು. ನನಗೆ ಇದೇ ಹೆಚ್ಚು ಸರಿ ಅನಿಸುತ್ತದೆ.

ಅಮೆರಿಕದ ಕೇಪ್ ಕಾಡ್‌ನ ಮರಳು ನೆಲದಲ್ಲಿ 1980ರ ದಶಕದಲ್ಲಿ ಅಲ್ಲಿನ ಭೂವಿಜ್ಞಾನ ಸಂಸ್ಥೆಯವರು ಹೊಳೆಯುವ ಬಣ್ಣ ಹಚ್ಚಿದ ಬ್ಯಾಕ್ಟೀರಿಯಾಗಳನ್ನು ನೆಲದೊಳಗೆ ಬಿಟ್ಟು, ಮುಂದೆ ಬೇರೆ ಬೇರೆ ಆಳದಿಂದ ನೀರು ತೆಗೆದು ಹುಡುಕಿದರು. ಹೆಚ್ಚಿನವು ದಾರಿಯಲ್ಲೇ ಅಂಟಿ ಉಳಿದವು. ಆದರೆ ತಪ್ಪಿಸಿಕೊಂಡವು ಹೆಚ್ಚುಕಡಿಮೆ ನೀರಿನ ವೇಗದಲ್ಲೇ ಸಾಗಿದವು. ಕೆಲವೊಮ್ಮೆ ನೀರಿನ ಸರಾಸರಿ ವೇಗಕ್ಕಿಂತಲೂ ಬ್ಯಾಕ್ಟೀರಿಯಾ ಮುಂದೆ ಬರುತ್ತದೆ. ಬಸ್ಸು ಗಲ್ಲಿಗೆ ನುಗ್ಗುವುದಿಲ್ಲ, ಹೆದ್ದಾರಿಯಲ್ಲೇ ಹೋಗುತ್ತದೆ. ಬೈಕು ಗಲ್ಲಿ ಗಲ್ಲಿ ಸುತ್ತಿ ತಡವಾಗಿ ಬರುತ್ತದೆ. ಹಾಗೆಯೇ ಬ್ಯಾಕ್ಟೀರಿಯಾ ತೀರಾ ಸಣ್ಣ ಸಂದಿಗೆ ಹೋಗಲಾರದೆ ದೊಡ್ಡ ಸಂದುಗಳಲ್ಲೇ ಸಾಗುತ್ತದೆ.

ಈಗ ನಿಮ್ಮ ನೆಲದ ದಾರಿ ಹುಡುಕಿ. ಮೊದಲು ಕೇಳಿ ತಿಳಿಯಿರಿ. ಬಾವಿ ತೋಡಿದವರಿಗೆ ಎಷ್ಟನೇ ರಿಂಗಿನಲ್ಲಿ ಜಲ್ಲಿ ಸಿಕ್ಕಿತು, ಎಲ್ಲಿ ಒರತೆ ಒಡೆಯಿತು ಅನ್ನುವುದು ನೆನಪಿರುತ್ತದೆ. ಹಿರಿಯರಿಗೆ ಹಿಂದೆ ತೋಡು ಎಲ್ಲಿ ಹರಿಯುತ್ತಿತ್ತು, ಯಾವ ಗದ್ದೆ ತುಂಬಿಸಿ ಮನೆ ಕಟ್ಟಿದರು ಅಂತ ಗೊತ್ತಿರುತ್ತದೆ. ಹೂತುಹೋದ ತೋಡು ನೆಲದಡಿ ಈಗಲೂ ಜಲ್ಲಿಯ ದಾರಿಯಾಗಿಯೇ ಇರುತ್ತದೆ.

ಹತ್ತಿರದಲ್ಲಿ ಯಾರಾದರೂ ಹೊಸ ಗುಂಡಿ ತೋಡುತ್ತಿದ್ದರೆ ಅಂಚಿನಿಂದ ದೂರ ನಿಂತು ಅದರ ಗೋಡೆ ನೋಡಿ. ಮೇಲೆ ಬೂದು ಹೊಯ್ಗೆ, ಬೇರು. ಅದರ ಕೆಳಗೆ ಸಕ್ಕರೆಗಿಂತ ನಯವಾದ ಬಿಳಿ ಹೊಯ್ಗೆ, ನಡುನಡುವೆ ಕಪ್ಪು ಗೆರೆ. ಆಮೇಲೆ ನಾಲ್ಕು ಬೆರಳು ದಪ್ಪದ ಒಂದು ಪಟ್ಟಿ: ಒಡೆದ ಚಿಪ್ಪು, ಮೆಣಸಿನ ಕಾಳಿನಷ್ಟು ಜಲ್ಲಿ. ಕೆಳಗೆ ಮತ್ತೆ ನಯ. ಸ್ವಲ್ಪ ಹೊತ್ತು ನಿಂತರೆ ಕಾಣುತ್ತದೆ, ಗೋಡೆಯ ಉಳಿದ ಕಡೆ ಬರೀ ತೇವ, ಆ ಪಟ್ಟಿಯಿಂದ ಮಾತ್ರ ನೀರು ಜಿನುಗಿ ಹೊಯ್ಗೆ ಉದುರುತ್ತಿರುತ್ತದೆ. ನಾಲ್ಕು ಬೆರಳಿನ ಆ ಪಟ್ಟಿ ನಿಮ್ಮ ಗುಂಡಿಗೂ ದೂರದ ಬಾವಿಗೂ ತಾಗಿ, ಹತ್ತಿರದ ಬಾವಿಗೆ ತಾಗದೇ ಹೋಗಿದ್ದರೆ ಒಗಟು ಬಿಡಿಸಿದಂತೆ. ತೆಗೆದ ಹೊಯ್ಗೆಯನ್ನು ಪದರ ಪದರವಾಗಿ ಬೇರೆ ಬಾಟಲಿಯಲ್ಲಿ ಇಟ್ಟುಕೊಳ್ಳಿ, ಆಮೇಲೆ ತಜ್ಞರಿಗೆ ತೋರಿಸಲು ಬೇಕಾಗುತ್ತದೆ. ನೋಡಲಿಕ್ಕೆ ಅಂತ ನೀವೇ ಆಳದ ಗುಂಡಿ ತೋಡಬೇಡಿ. ಹೊಯ್ಗೆಯ ಗೋಡೆ ಸೂಚನೆ ಕೊಡದೆ ಕುಸಿಯುತ್ತದೆ.

ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮೇಲೆ ತೆಳು ಹೊಯ್ಗೆ ಇರುವ ಜಾಗದಲ್ಲಿ ಇನ್ನೂ ಜಾಗ್ರತೆ ಬೇಕು. ಮುರಕಲ್ಲಿನ ಒಳಗೆ ಬೆರಳು ಹೋಗುವಷ್ಟು ತೂತುಗಳು ಒಂದಕ್ಕೊಂದು ಸೇರಿರುತ್ತವೆ. ಅಲ್ಲಿ ಸೋಸುವ ಮಾತು ಬಿಡಿ, ನೀರು ಪೈಪಿನಲ್ಲಿ ಹರಿದಂತೆಯೇ ಲೆಕ್ಕ.

ಹರಿವಿನ ದಿಕ್ಕು ತಿಳಿಯಲು ಮೂರು ಬಾವಿ ಸಾಕು, ಮೂರೂ ಒಂದೇ ಗೆರೆಯಲ್ಲಿ ಇರಬಾರದು. ಮೇಸ್ತ್ರಿಯ ಬಳಿ ಇರುವ ನೀರಿನ ಲೆವೆಲ್ ಪೈಪ್ ಹಿಡಿದು ಮೂರೂ ಕಟ್ಟೆಗಳ ಎತ್ತರ ಹೋಲಿಸಿ. ಬೆಳಿಗ್ಗೆ ಪಂಪ್ ಹಾಕುವ ಮೊದಲು ಕಟ್ಟೆಯಿಂದ ನೀರಿನವರೆಗೆ ಅಳೆಯಿರಿ. ನೀರಿನ ಮಟ್ಟ ಎತ್ತರ ಇರುವ ಕಡೆಯಿಂದ ತಗ್ಗಿನ ಕಡೆಗೆ ಹರಿವು. ನಿಮ್ಮ ಬಾವಿಯ ಮೇಲುಗಡೆ ಯಾರ ಗುಂಡಿ, ಯಾರ ಕೊಟ್ಟಿಗೆ, ಗೊಬ್ಬರಗುಂಡಿ ಇದೆ ಅಂತ ನೋಡಿ. ಪಕ್ಕದ ಮನೆಯದ್ದು ಅಂತ ಕಂಡರೆ ಜಗಳಕ್ಕೆ ಹೋಗಬೇಡಿ. ಅವರ ಬಾವಿಯೂ ಇನ್ನೊಬ್ಬರ ಗುಂಡಿಯ ಕೆಳಗೇ ಇರುತ್ತದೆ. ಬೀದಿಯವರೆಲ್ಲ ಒಟ್ಟಿಗೆ ಅಳೆದರೆ ಕೆಲಸವೂ ಸುಲಭ, ಮನಸ್ತಾಪವೂ ಇಲ್ಲ.

## ಸಂಶಯ ಒಂದೇ ಗುಂಡಿಯ ಮೇಲಿದೆ, ಖಚಿತ ಮಾಡಬೇಕು: ಉಪ್ಪಿನ ಪರೀಕ್ಷೆ

ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ಅಳೆಯುವ ಟಿಡಿಎಸ್ ಪೆನ್ ಒಂದು ಬೇಕು. ಮಳೆ ಬಿಡುವು ಕೊಟ್ಟಾಗ, ಅಂತರ್ಜಲ ಇನ್ನೂ ಮೇಲಿರುವಾಗ ಮಾಡಿ. ಮೊದಲು ಒಂದು ವಾರ ದಿನಾ ಎರಡು ಹೊತ್ತು ಬಾವಿಯ ಟಿಡಿಎಸ್ ಬರೆದಿಡಿ. ಆಮೇಲೆ 5 ಕಿಲೋ ಉಪ್ಪನ್ನು ಒಂದು ಡ್ರಮ್ ನೀರಿನಲ್ಲಿ ಕರಗಿಸಿ ಇಂಗುಗುಂಡಿಗೆ ಹೋಗುವ ಪೈಪಿನಲ್ಲಿ ಬಿಡಿ. ಸೆಪ್ಟಿಕ್ ಟ್ಯಾಂಕಿಗೆ ಬೇಡ. ಮೊದಲ ದಿನ ಗಂಟೆಗೊಮ್ಮೆ, ಆಮೇಲೆ ದಿನಕ್ಕೆ ಮೂರು ಸಲ ಅಳೆಯಿರಿ.

ಒಂದೆರಡು ದಿನದಲ್ಲೇ ಟಿಡಿಎಸ್ ಚೂಪಾಗಿ ಏರಿ ಇಳಿದರೆ ತೆರೆದ ದಾರಿ ಇದೆ, ಗುಂಡಿಯ ಬಳಕೆ ನಿಲ್ಲಿಸಿ. ವಾರಗಟ್ಟಲೆ ಬಿಟ್ಟು ನಿಧಾನವಾಗಿ ಏರಿದರೆ ಗುಂಡಿಯ ನೀರು ಬಾವಿಗೆ ಬರುತ್ತಿದೆ, ಆದರೆ ಹೊಯ್ಗೆಯ ಮೂಲಕ. ಏನೂ ಏರದಿದ್ದರೆ ಆ ಗುಂಡಿ ನಿರಪರಾಧಿ ಅಂತ ಆಗಲೇ ಹೇಳುವಂತಿಲ್ಲ. ಉಪ್ಪು ತೀರಾ ತೆಳುವಾಗಿರಬಹುದು, ಇನ್ನೂ ದಾರಿಯಲ್ಲಿರಬಹುದು. ಹೊಳೆ ಅಳಿವೆಯ ಹತ್ತಿರ, ಉಬ್ಬರಕ್ಕೆ ಬಾವಿ ನೀರು ಸ್ವಲ್ಪ ಉಪ್ಪಾಗುವ ಕಡೆ ಈ ಪರೀಕ್ಷೆ ಉಪಯೋಗಕ್ಕೆ ಬರುವುದಿಲ್ಲ. ರಕ್ತದೊತ್ತಡ ಇರುವವರು ಪರೀಕ್ಷೆ ಮುಗಿಯುವವರೆಗೆ ಆ ನೀರು ಕುಡಿಯಬಾರದು, ಕುದಿಸಿದರೆ ಉಪ್ಪು ಹೋಗುವುದಿಲ್ಲ. ಬೇರೆಯವರ ಗುಂಡಿ ಆದರೆ ಒಪ್ಪಿಗೆ ಕೇಳಿ.

## ಇ. ಕೋಲಿ ಇಲ್ಲ, ನೈಟ್ರೇಟ್ ಜಾಸ್ತಿ

ನೈಟ್ರೇಟ್ ಕಾಳಿಗೆ ಅಂಟುವುದಿಲ್ಲ, ನೀರಿನ ಜೊತೆಗೇ ಬರುತ್ತದೆ. ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದು ಏರಿ ಇ. ಕೋಲಿ ಇಲ್ಲದಿದ್ದರೆ ಕೊಳಚೆಯೋ ತೋಟದ ಗೊಬ್ಬರವೋ ಬಾವಿ ತಲುಪುತ್ತಿದೆ, ಸದ್ಯಕ್ಕೆ ಹೊಯ್ಗೆ ಬ್ಯಾಕ್ಟೀರಿಯಾವನ್ನು ಹಿಡಿದಿಟ್ಟಿದೆ. ಮಳೆಗಾಲದಲ್ಲಿ ಖಂಡಿತ ಮತ್ತೆ ಟೆಸ್ಟ್ ಮಾಡಿ. ಈ ನೀರನ್ನು ಕುದಿಸಿದರೆ ನೈಟ್ರೇಟ್ ಕಡಿಮೆಯಾಗದು, ಇನ್ನೂ ಗಟ್ಟಿಯಾಗುತ್ತದೆ. ಹಸುಗೂಸಿನ ಹಾಲಿಗೆ ಬಳಸಲೇಬೇಡಿ. ಕಾಮಾಲೆ ತರುವ ವೈರಸ್‌ಗಳು ಬ್ಯಾಕ್ಟೀರಿಯಾಕ್ಕಿಂತ ಹತ್ತಾರು ಪಟ್ಟು ಸಣ್ಣವು, ಇನ್ನೂ ದೂರ ಹೋಗಬಲ್ಲವು ಅನ್ನುವುದೂ ನೆನಪಿರಲಿ.

## ಇಲ್ಲಿ ನಿಲ್ಲಿಸಿ, ಸಹಾಯ ಕೇಳಿ

ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿಯ ಮುಚ್ಚಳ ತೆಗೆದು ಬಗ್ಗಿ ನೋಡುವುದು, ಬೆಂಕಿಕಡ್ಡಿ ಗೀರುವುದು, ಒಳಗೆ ಯಾರನ್ನಾದರೂ ಇಳಿಸುವುದು ಬೇಡವೇ ಬೇಡ. ಒಳಗಿನ ಗಾಳಿ ಕೊಲ್ಲುತ್ತದೆ. ರಕ್ಷಣಾ ಸಾಧನ ಇಲ್ಲದೆ ಮನುಷ್ಯರನ್ನು ಇಳಿಸಿ ಸ್ವಚ್ಛ ಮಾಡಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ ಕೂಡ. ಸಕ್ಕಿಂಗ್ ಲಾರಿ ಕರೆಸಿ.

ಉಪ್ಪಿನ ಪರೀಕ್ಷೆಯಲ್ಲಿ ತೆರೆದ ದಾರಿ ಕಂಡರೆ, ಒಂದಕ್ಕಿಂತ ಹೆಚ್ಚು ಬಾವಿ ಕೆಟ್ಟಿದ್ದರೆ, ರಿಪೇರಿ ಆದ ಮೇಲೂ ಟೆಸ್ಟ್ ಕೆಡುತ್ತಿದ್ದರೆ ಗ್ರಾಮ ಪಂಚಾಯಿತಿಗೆ ಬರೆದುಕೊಡಿ. ಜೊತೆಗೆ ನಿಮ್ಮ ಅಳತೆಗಳು, ಹೊಯ್ಗೆ ಬಾಟಲಿಗಳು, ಲ್ಯಾಬ್ ಚೀಟಿಗಳು ಇರಲಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಲ್ಯಾಬ್‌ನಲ್ಲಿ ಕಡಿಮೆ ದರಕ್ಕೆ ಟೆಸ್ಟ್ ಆಗುತ್ತದೆ. ಭೂವಿಜ್ಞಾನಿಯ ಸಲಹೆ ಬೇಕಾಗುವುದೂ ಈ ಹಂತದಲ್ಲೇ.

ಗುಂಡಿ ಬದಲಿಸಿದ ಮರುವಾರವೇ ಟೆಸ್ಟ್ ಮಾಡಿ ನಿರಾಸೆಯಾಗಬೇಡಿ. ದಾರಿಯಲ್ಲಿ ಅಂಟಿದ್ದವು ಕಳಚಿ ಸ್ವಲ್ಪ ಕಾಲ ಬರುತ್ತಲೇ ಇರುತ್ತವೆ. ಹೊಸ ಇಂಗುವ ಜಾಗದ ತಳದಲ್ಲಿ ಕಪ್ಪು ಜಿಡ್ಡಿನ ಪದರ ಕಟ್ಟಲೂ ಕೆಲವು ವಾರ ಬೇಕು, ಆ ಪದರವೂ ಸೋಸಲು ನೆರವಾಗುತ್ತದೆ. 50 ದಿನ ಕಳೆದ ಮೇಲೆ ಒಮ್ಮೆ ಟೆಸ್ಟ್ ಮಾಡಿ, ಮುಂದಿನ ಮಳೆಗಾಲದ ಮೊದಲ ಜೋರು ಮಳೆಯ ಮೂರನೇ ದಿನ ಇನ್ನೊಮ್ಮೆ ಮಾಡಿ. ಎರಡೂ ಸರಿ ಬಂದ ಮೇಲೆ ಕುದಿಸುವುದನ್ನು ನಿಲ್ಲಿಸಬಹುದು.